ಪ್ರೈವೇಟ್ ಈಕ್ವಿಟಿಯೇ, ಕಂಪೆನಿಯ ಹಣಕಾಸು ವಿಭಾಗವೇ?

ಎಂ.ಬಿ.ಎ. ಅಥವಾ ಸಿ.ಎ. ಮುಗಿಸಿದ ನಮ್ಮ ಮಕ್ಕಳ ಮುಂದೆ ಇಂದು ಹೊಸದೊಂದು ಪ್ರಶ್ನೆ ಬಂದು ನಿಲ್ಲುತ್ತಿದೆ. ಪ್ರೈವೇಟ್ ಈಕ್ವಿಟಿ ಸಂಸ್ಥೆಯನ್ನು ಸೇರುವುದೇ, ಅಥವಾ ತಂತ್ರಜ್ಞಾನ ಕಂಪೆನಿಯೊಂದರ ಹಣಕಾಸು ವಿಭಾಗವನ್ನು ಸೇರುವುದೇ? ಮನೆಯ ಹಿರಿಯರಿಗೆ ಎರಡೂ ಅಪರಿಚಿತವಾದುದರಿಂದ ಅವರು ಸಂಬಳದ ಅಂಕಿಗಳನ್ನಷ್ಟೇ ಹೋಲಿಸಿ ಸಲಹೆ ನೀಡುತ್ತಾರೆ. ಆದರೆ ಹೋಲಿಸಬೇಕಾದುದು ಸಂಬಳವನ್ನಲ್ಲ, ಕೆಲಸದ ಸ್ವರೂಪವನ್ನು.

ನಾವು ಬ್ಯಾಂಕಿನವರು ಸಾಲ ಕೊಡುವಾಗ ಅಸಲು, ಬಡ್ಡಿ ಮರಳಿ ಬರುವುದೇ ಎಂದು ನೋಡುತ್ತೇವೆ. ಪ್ರೈವೇಟ್ ಈಕ್ವಿಟಿಯವರು ಕಂಪೆನಿಯ ಒಡೆತನವನ್ನೇ ಕೊಳ್ಳುತ್ತಾರೆ. ಪಿಂಚಣಿ ನಿಧಿ, ವಿಮಾ ಕಂಪೆನಿ ಮೊದಲಾದವುಗಳಿಂದ ಸಾಮಾನ್ಯವಾಗಿ 10 ವರ್ಷಗಳ ಅವಧಿಗೆ ಹಣ ಪಡೆದು, ಕಂಪೆನಿಗಳನ್ನು ಕೊಂಡು, ಬೆಳೆಸಿ, ಮಾರುತ್ತಾರೆ. ನಿರ್ವಹಣಾ ಶುಲ್ಕವಾಗಿ ವರ್ಷಕ್ಕೆ ಸುಮಾರು ಶೇ. 2, ಲಾಭದಲ್ಲಿ ಸುಮಾರು ಶೇ. 20 ಪಾಲು ಪಡೆಯುವುದು ಬಹುಕಾಲದ ರೂಢಿ. 'ಕ್ಯಾರಿ' ಎಂದು ಕರೆಯಲ್ಪಡುವ ಈ ಲಾಭದ ಪಾಲು ಬಹುಮಟ್ಟಿಗೆ ಹಿರಿಯರದು. ಹೊಸಬರಿಗೆ ದೊರೆಯುವುದು ಅತ್ಯಲ್ಪ, ಇಲ್ಲವೇ ಏನೂ ಇಲ್ಲ.

ನವಿ ಮುಂಬಯಿಯ ಹೆಕ್ಸಾವೇರ್ ಟೆಕ್ನಾಲಜೀಸ್ ಕಂಪೆನಿಯನ್ನೇ ನೋಡೋಣ. 2013ರಲ್ಲಿ ಬೇರಿಂಗ್ ಪ್ರೈವೇಟ್ ಈಕ್ವಿಟಿ ಏಷ್ಯಾ ಸಂಸ್ಥೆಯು ಇದರ ಒಡೆತನ ಪಡೆಯಿತು. 2020ರಲ್ಲಿ ಇದರ ಶೇರುಗಳು ಮಾರುಕಟ್ಟೆಯ ಪಟ್ಟಿಯಿಂದ ಹೊರಬಂದವು. 2021ರಲ್ಲಿ ಕಾರ್ಲೈಲ್ ಸಂಸ್ಥೆ ಸುಮಾರು 300 ಕೋಟಿ ಡಾಲರ್ ಮೌಲ್ಯಕ್ಕೆ ಕಂಪೆನಿಯನ್ನು ಕೊಂಡಿತು. 2025ರ ಫೆಬ್ರವರಿಯಲ್ಲಿ 8,750 ಕೋಟಿ ರೂಪಾಯಿಗಳ ಶೇರು ನೀಡಿಕೆಯೊಂದಿಗೆ ಹೆಕ್ಸಾವೇರ್ ಮತ್ತೆ ಮಾರುಕಟ್ಟೆಗೆ ಬಂತು. ಅದು ಸಂಪೂರ್ಣವಾಗಿ ಕಾರ್ಲೈಲ್ ತನ್ನ ಪಾಲನ್ನು ಮಾರಿದ ವ್ಯವಹಾರ; ಆ ಹಣ ಕಂಪೆನಿಯ ಬೊಕ್ಕಸಕ್ಕೆ ಬರಲಿಲ್ಲ.

ಇಂತಹ ಪ್ರತಿಯೊಂದು ವ್ಯವಹಾರದ ಹಿಂದೆಯೂ ತರುಣ ವಿಶ್ಲೇಷಕರ ಶ್ರಮವಿರುತ್ತದೆ. ಇಂದು ಎಷ್ಟಕ್ಕೆ ಕೊಂಡರೆ ನಾಲ್ಕೈದು ವರ್ಷಗಳ ನಂತರ ಎಷ್ಟಕ್ಕೆ ಮಾರಬಹುದು ಎಂಬ ಲೆಕ್ಕವನ್ನು ಅವರು ಸಿದ್ಧಪಡಿಸುತ್ತಾರೆ. ಪರಿಶೀಲಿಸಿದ ಕಂಪೆನಿಗಳಲ್ಲಿ ಹೆಚ್ಚಿನವನ್ನು ಕೊಳ್ಳುವುದೇ ಇಲ್ಲ. ರಾತ್ರಿಗಳೂ ರವಿವಾರಗಳೂ ಕೆಲಸಕ್ಕೆ ಸಲ್ಲುತ್ತವೆ.

ಕಂಪೆನಿಯ ಒಳಗಿನ ಹಣಕಾಸು ವಿಭಾಗದ ಚಿಂತೆಯೇ ಬೇರೆ. ಒಡೆಯರು ಬದಲಾದರೂ ತಿಂಗಳ ಸಂಬಳ ನಿಲ್ಲುವಂತಿಲ್ಲ. ಗ್ರಾಹಕರ ಹಣ ಡಾಲರಿನಲ್ಲಿ ತಡವಾಗಿ ಬರುತ್ತದೆ. ಖರ್ಚಿನ ಬಹುಪಾಲು ರೂಪಾಯಿಯಲ್ಲಿ ಕೂಡಲೇ ಹೋಗುತ್ತದೆ. ಡಾಲರಿನ ಏರಿಳಿತದಿಂದ ನಷ್ಟವಾಗದಂತೆ 'ಫಾರ್ವರ್ಡ್' ಕರಾರುಗಳ ಮೂಲಕ ದರವನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿರುವ ಕಂಪೆನಿಯಾದರೆ ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ ಪ್ರಕಟಿಸಬೇಕು. ಪ್ರೈವೇಟ್ ಈಕ್ವಿಟಿಯವರು ಊಹಿಸಿ ಬರೆದ ಲಾಭಾಂಶವನ್ನು ಇಲ್ಲಿನವರು ತಿಂಗಳು ತಿಂಗಳೂ ದುಡಿದು ತೋರಿಸಬೇಕು.

ಇಲ್ಲಿಯೂ ಒಂದು ಆಕರ್ಷಣೆಯಿದೆ, 'ಇಸಾಪ್' ಎಂಬ ನೌಕರರ ಶೇರು ಯೋಜನೆ. ನಿಯಮದಂತೆ ಕನಿಷ್ಠ ಒಂದು ವರ್ಷ ಕಾಯದೆ ಆ ಹಕ್ಕು ಕೈಗೆ ಬಾರದು. ಶೇರು ಪಡೆದಾಗ, ಅದರ ಬೆಲೆಗೂ ತಾವು ಕೊಟ್ಟ ಹಣಕ್ಕೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಎಣಿಸಿ ತೆರಿಗೆ ವಿಧಿಸಲಾಗುತ್ತದೆ. ಪಟ್ಟಿಯಲ್ಲಿಲ್ಲದ ಕಂಪೆನಿಯ ಶೇರನ್ನು ಬೇಕೆಂದಾಗ ಮಾರುವುದೂ ಸುಲಭವಲ್ಲ. ಆದುದರಿಂದ ಶಿಕ್ಷಣ ಸಾಲದ ಕಂತನ್ನು ಲೆಕ್ಕ ಹಾಕುವಾಗ 'ಕ್ಯಾರಿ'ಯನ್ನಾಗಲಿ 'ಇಸಾಪ್' ಅನ್ನಾಗಲಿ ಸೇರಿಸಬಾರದು. ಪ್ರತಿ ತಿಂಗಳು ಖಾತೆಗೆ ಬರುವ ಹಣವಷ್ಟೇ ನಿಜವಾದ ಆದಾಯ.

ಕೊನೆಯದಾಗಿ ಒಂದು ಮುಖ್ಯ ವಿಷಯ. ಪ್ರೈವೇಟ್ ಈಕ್ವಿಟಿಯಲ್ಲಿ ಕೆಲವು ವರ್ಷ ದುಡಿದವರು ಕಂಪೆನಿಯ ಹಣಕಾಸು ವಿಭಾಗಕ್ಕೆ ಬರುವುದು ಸಾಧ್ಯ. ಅಲ್ಲಿಂದ ಇಲ್ಲಿಗೆ ಬರುವಷ್ಟು ಸುಲಭವಾಗಿ ಇಲ್ಲಿಂದ ಅಲ್ಲಿಗೆ ಹೋಗಲಾಗದು. ಆ ಸಂಸ್ಥೆಗಳು ಚಿಕ್ಕವು, ಹೆಚ್ಚಾಗಿ ಹೂಡಿಕೆ ಬ್ಯಾಂಕು ಮತ್ತು ಸಲಹಾ ಸಂಸ್ಥೆಗಳಿಂದಲೇ ಜನರನ್ನು ಆರಿಸಿಕೊಳ್ಳುತ್ತವೆ. ಯಾವ ಕಂಪೆನಿಯನ್ನು ಕೊಳ್ಳಬೇಕು ಎಂಬ ಪ್ರಶ್ನೆಯೇ ನಿಮ್ಮ ಮನಸ್ಸನ್ನು ಸೆಳೆಯುವುದಾದರೆ, ಕೈಗೆ ಬಂದ ಆ ಅವಕಾಶವನ್ನು ಬಿಡಬೇಡಿ. ಒಂದು ಕಂಪೆನಿಯನ್ನು ಹೇಗೆ ನಡೆಸಬೇಕು ಎಂಬುದು ನಿಮ್ಮ ಆಸಕ್ತಿಯಾದರೆ ಹಣಕಾಸು ವಿಭಾಗವನ್ನು ಸಂತೋಷದಿಂದ ಸೇರಿ. ಅದು ಎರಡನೆಯ ದರ್ಜೆಯ ಆಯ್ಕೆಯಲ್ಲ. ಹಿರಿಯರೂ ಮಕ್ಕಳನ್ನು ಮೊದಲು ಕೇಳಬೇಕಾದುದು "ಸಂಬಳ ಎಷ್ಟು?" ಎಂದಲ್ಲ, "ದಿನವಿಡೀ ಏನು ಕೆಲಸ ಮಾಡುವೆ?" ಎಂದು.