ಒಂದು ಪರವಾನಗಿಗೆ ಎಷ್ಟು ಗಣಕಯಂತ್ರ?

ಒಂದು ಪುಸ್ತಕವನ್ನು ಕೊಂಡು ತಂದೆವೆನ್ನೋಣ. ಮನೆಮಂದಿಯೆಲ್ಲ ಅದನ್ನು ಓದಬಹುದು. ಗಣಕಯಂತ್ರವನ್ನು ನಡೆಯಿಸುವ ವಿಂಡೋಸ್ ತಂತ್ರಾಂಶಕ್ಕೆ ಈ ನ್ಯಾಯ ಸಲ್ಲದು. ಹಣ ತೆತ್ತು ನಾವು ಪಡೆಯುವುದು ಒಡೆತನವನ್ನಲ್ಲ, ಬಳಕೆಯ ಪರವಾನಗಿಯನ್ನು. ಅದೂ ಸಾಮಾನ್ಯವಾಗಿ ಒಂದೇ ಯಂತ್ರಕ್ಕೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಕರಾರಿಗೆ ಕಾವಲನ್ನೂ ಇರಿಸಿತು. ಯಂತ್ರದ ಬಿಡಿಭಾಗಗಳಿಂದ ಅದು ಗುರುತುಸಂಖ್ಯೆಯೊಂದನ್ನು ರಚಿಸಿ, ಕೊಂಡವರ ಕೀಲಿಸಂಖ್ಯೆಯೊಡನೆ ಮೈಕ್ರೋಸಾಫ್ಟ್ ಸಂಸ್ಥೆಗೆ ಕಳುಹುತ್ತಿತ್ತು. ಅದೇ ಕೀಲಿ ಬೇರೊಂದು ಯಂತ್ರದಿಂದ ಬಂದರೆ ಅಲ್ಲಿ ತಿಳಿದುಹೋಗುತ್ತಿತ್ತು.

ಬಿಡಿಯಾಗಿ ಕೊಂಡ ತಂತ್ರಾಂಶವನ್ನು ಹಳೆಯ ಯಂತ್ರದಿಂದ ಅಳಿಸಿ ಹೊಸದಕ್ಕೆ ಹಾಕಬಹುದು. ಯಂತ್ರದೊಡನೆಯೇ ಬಂದುದು ಸಾಮಾನ್ಯವಾಗಿ ಆ ಯಂತ್ರಕ್ಕೇ ಮೀಸಲು. ಕೊಳ್ಳಹೊರಟ ವಿದ್ಯಾರ್ಥಿಗಳು ಈ ಭೇದವನ್ನು ಮೊದಲೇ ಕೇಳಿ ತಿಳಿಯುವುದು ಲೇಸು. ಮನೆಯಲ್ಲಿ ಮೂರು ಯಂತ್ರಗಳಿದ್ದು ಕೈಯಲ್ಲಿ ಕಾಸಿಲ್ಲದವರಿಗೆ ಲಿನಕ್ಸ್ ಇದೆ. ಡೆಬಿಯನ್ ಮೊದಲಾದ ಅದರ ರೂಪಗಳನ್ನು ಎಷ್ಟು ಯಂತ್ರಗಳಿಗಾದರೂ ಹಾಕಿಕೊಳ್ಳಬಹುದು, ಪ್ರತಿಮಾಡಿ ನೆರೆಯವರಿಗೂ ಕೊಡಬಹುದು.