ಗಾಜು ತೊಳೆಯುವ ನೀರು ಸೋರುತ್ತಿರುವುದೆಲ್ಲಿ?

ವಾಹನದ ಮುಂಗಾಜು ತೊಳೆಯುವ ನೀರಿನ ಅಗತ್ಯ ಮಲೆನಾಡಿಗಿಂತ ಯಾದಗಿರಿ ಸೀಮೆಗೇ ಹೆಚ್ಚು. ಮಳೆ ಬೀಳುವ ಊರಲ್ಲಿ ವೈಪರ್ ಒಂದು ನೆಟ್ಟಗಿದ್ದರೆ ಗಾಜು ತಾನಾಗಿ ತೊಳೆದುಕೊಳ್ಳುತ್ತದೆ. ವರ್ಷದ ಬಹುಪಾಲು ಒಣಗಿರುವ ಎರೆಭೂಮಿಯಲ್ಲಿ ಆ ಅನುಕೂಲವಿಲ್ಲ. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದ ಜಾತ್ರೆಗೆ ಸಾಲುಗಟ್ಟಿ ಹೋಗುವ ಜೀಪು, ಕಾರು, ಟಂಟಂಗಳು ಎಬ್ಬಿಸುವ ಧೂಳೆಲ್ಲ ಹಿಂದಿನ ಗಾಡಿಯ ಗಾಜಿನ ಮೇಲೆಯೇ ಕೂರುತ್ತದೆ. ಶಹಾಪುರ, ಸುರಪುರದ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಗದ್ದೆಗಳ ನಡುವೆ ಹೊತ್ತು ಮುಳುಗಿದ ಮೇಲೆ ಹೊರಟರೆ ಹುಳುಹುಪ್ಪಟೆಗಳು ಗಾಜಿಗೆ ಬಡಿದು ಅಂಟಿಕೊಳ್ಳುತ್ತವೆ. ಇಷ್ಟೆಲ್ಲ ಇದ್ದರೂ ಗಾಡಿಯಲ್ಲಿ ಕೆಟ್ಟದ್ದು ಗೊತ್ತಾದ ಮೇಲೂ ಹಾಗೇ ಬಿಟ್ಟುಬಿಡುವ ಭಾಗವೆಂದರೆ ಈ ನೀರಿನ ಟ್ಯಾಂಕ್. ನೀರು ನಿಲ್ಲುತ್ತಿಲ್ಲ ಎಂದು ತಿಳಿದಾಗ ಜನ ಹಿಡಿಯುವ ದಾರಿ ಎರಡೇ: ಸಾಕಾಗುವವರೆಗೆ ಮತ್ತೆ ಮತ್ತೆ ತುಂಬಿಸುವುದು, ಸಾಕಾದ ಮೇಲೆ ಇಡೀ ಟ್ಯಾಂಕ್ ಬದಲಿಸುವುದು. ಮೊದಲನೆಯದು ದಂಡ, ಎರಡನೆಯದು ಹೆಚ್ಚಿನ ಸಲ ಅನಗತ್ಯ. ಟ್ಯಾಂಕ್ ಸೋರುತ್ತಿದೆ ಎಂದುಕೊಂಡ ಗಾಡಿಗಳಲ್ಲಿ ಅನೇಕ ಸಲ ಟ್ಯಾಂಕ್ ಗಟ್ಟಿಯಾಗಿಯೇ ಇರುತ್ತದೆ. ಸೋತಿರುವುದು ಅದರ ತಳದ ರಬ್ಬರ್, ಇಲ್ಲವೇ ಪೈಪು. ಅವು ಬೇಗ ಸೋಲುವುದಕ್ಕೆ ನಾವು ತುಂಬಿಸುವ ನೀರಿನದೂ ಪಾಲಿದೆ. ಆದ್ದರಿಂದ ಮೊದಲು ಜಾಗ ಹುಡುಕಬೇಕು, ಆಮೇಲೆ ಕೈ ಹಚ್ಚಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎನ್ನುವವರು ಒಂದು ಲೆಕ್ಕ ನೋಡಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮುಳುಗುವ ಸೂರ್ಯನ ಎದುರು ಧೂಳು ಮೆತ್ತಿದ ಗಾಜು ಬೆಳ್ಳಗಾಗಿ ಮೂರು ಸೆಕೆಂಡು ದಾರಿ ಕಾಣದಿದ್ದರೆ 50 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಆ 50 ಮೀಟರಿನಲ್ಲಿ ಹಿಂಬದಿ ದೀಪವಿಲ್ಲದ ಹತ್ತಿಯ ಟ್ರ್ಯಾಕ್ಟರ್ ಇರಬಹುದು, ಮೇಯ್ದು ಮರಳುವ ಕುರಿಹಿಂಡು ಇರಬಹುದು. ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ವೈಪರಿಗೆ ಪೇಟೆಂಟ್ ಪಡೆದದ್ದು ಹಿಮ, ಮಳೆ ಬೀಳುವ ಊರುಗಳನ್ನು ಕಣ್ಣ ಮುಂದಿಟ್ಟುಕೊಂಡು. ನೀರು ಆಕಾಶದಿಂದ ಬರುತ್ತದೆ, ಅದನ್ನು ಒರೆಸಿದರೆ ಸಾಕು ಎಂಬುದು ಅಲ್ಲಿಯ ಲೆಕ್ಕ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮವೂ ವೈಪರನ್ನು ಕಡ್ಡಾಯ ಮಾಡಿದೆ. ಆದರೆ ಒಣ ಸೀಮೆಯಲ್ಲಿ ನೀರಿಲ್ಲದ ವೈಪರ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ ಮೋಸ್ ಮಾಪನದಲ್ಲಿ 7, ಗಾಜಿನದು ಸುಮಾರು 5.5. ಒಣ ಗಾಜಿನ ಮೇಲೆ ವೈಪರ್ ಆಡಿಸಿದಾಗಲೆಲ್ಲ ಆ ಕಣಗಳು ಗಾಜನ್ನು ಗೀರುತ್ತವೆ. ಹಗಲಲ್ಲಿ ಕಾಣದ ಈ ಗೀರುಗಳು ರಾತ್ರಿ ಶಹಾಪುರ–ಸುರಪುರದ ಮೂಲಕ ಹಾಯುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಎದುರಿನ ಲಾರಿಯ ಬೆಳಕು ಬಿದ್ದೊಡನೆ ಅದನ್ನು ಗಾಜಿನ ತುಂಬ ಹರಡಿ ಕಣ್ಣು ಕೋರೈಸುತ್ತವೆ. ಗೀರು ಬಿದ್ದ ಗಾಜನ್ನು ಮೊದಲಿನಂತೆ ಮಾಡುವುದು ಕಷ್ಟ. ಸೋರುವ ಟ್ಯಾಂಕನ್ನು ಸರಿಪಡಿಸುವುದು ಸುಲಭ.

ವಾಷರ್ ಎನ್ನುವ ಈ ಗಾಜು ತೊಳೆಯುವ ವ್ಯವಸ್ಥೆ ಸರಳವಾದದ್ದು. ಬಾನೆಟ್ ಎತ್ತಿದರೆ ಗಾಜು ಮತ್ತು ನೀರಿನ ಚಿಮ್ಮುವಿಕೆಯ ಚಿತ್ರವಿರುವ ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಉದ್ದನೆಯ ಕೊಳವೆ. ಅದು ಇಳಿಯುವುದು ಬಂಪರಿನ ಹಿಂದೆಯೋ ಮುಂಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರಿನ ಒಳಗೋ ಅಡಗಿರುವ ಟ್ಯಾಂಕಿಗೆ. ಟ್ಯಾಂಕಿನ ತಳದ ಹತ್ತಿರ ಒಂದು ತೂತು, ಆ ತೂತಿಗೆ ರಬ್ಬರ್ ಬುಷ್, ಬುಷ್ ಒಳಗೆ ಒತ್ತಿ ಕೂರಿಸಿದ ಪುಟ್ಟ ಮೋಟರ್. ಮೋಟರಿನಿಂದ ಹೊರಟ ತೆಳು ಪೈಪು ಬಾನೆಟ್‌ವರೆಗೆ ಹೋಗಿ ಅಲ್ಲಿ ಕವಲೊಡೆದು ನೋಜಲ್‌ಗಳನ್ನು ಸೇರುತ್ತದೆ. ಹಿಂದಿನ ಗಾಜಿಗೂ ವೈಪರ್ ಇರುವ ಕಾರಿನಲ್ಲಿ ಇನ್ನೊಂದು ಪೈಪು ಗಾಡಿಯ ಒಳಗಿನಿಂದಲೇ ಹಿಂಬಾಗಿಲವರೆಗೆ ಹೋಗಿರುತ್ತದೆ. ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಮಾತು ಸ್ಪಷ್ಟವಾಗುತ್ತದೆ: ಟ್ಯಾಂಕ್ ಎಂಬುದು ಒಂದೇ ಎರಕದಲ್ಲಿ ಬಂದ ದಪ್ಪ ಪ್ಲಾಸ್ಟಿಕ್, ಉಳಿದದ್ದೆಲ್ಲ ಒಂದಕ್ಕೊಂದು ಜೋಡಿಸಿದ್ದು. ನೀರು ಮೊದಲು ದಾರಿ ಮಾಡಿಕೊಳ್ಳುವುದು ಜೋಡಣೆಯಲ್ಲಿ.

ಹುಡುಕುವ ಮೊದಲು ಬಿದ್ದ ನೀರು ಯಾವುದೆಂದು ಖಚಿತವಾಗಬೇಕು. ಏಸಿ ಹಾಕಿ ಓಡಿಸಿದ ಕಾರು ನಿಂತಾಗ ಒಳಗಿನಿಂದ ಶುದ್ಧ ನೀರು ತೊಟ್ಟಿಕ್ಕುವುದು ಸಹಜ, ಅದು ರೋಗವಲ್ಲ. ಹಸಿರೋ ಗುಲಾಬಿಯೋ ಬಣ್ಣದ, ಮುಟ್ಟಿದರೆ ಜಾರುವ ದ್ರವ ಬಿದ್ದಿದ್ದರೆ ಅದು ರೇಡಿಯೇಟರಿನ ಕೂಲಂಟ್ ಇರಬಹುದು. ಅದನ್ನು ತಡಮಾಡದೆ ಗ್ಯಾರೇಜಿಗೆ ತೋರಿಸಬೇಕು. ಇವೆರಡೂ ಅಲ್ಲವೆಂದಾದರೆ ಟ್ಯಾಂಕಿನ ಸುತ್ತಮುತ್ತ ಒಣಗಿಸಿ, ಅಳತೆ ಗೊತ್ತಿರುವ ಬಾಟಲಿಯಿಂದ ನೀರು ತುಂಬಿಸಿ, ಸಿಹಿತಿಂಡಿಗೆ ಹಾಕುವ ಬಣ್ಣ ಒಂದು ಚಿಟಿಕೆ ಬೆರೆಸಬೇಕು. ಕುಂಕುಮ, ಅರಿಸಿನದ ಪುಡಿ ಕರಗದೆ ನೋಜಲ್ ಕಟ್ಟಿಸುತ್ತವೆ, ಅವು ಬೇಡ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಕೆಳಗೆ ಹಳೆಯ ಪತ್ರಿಕೆ ಹಾಸಿ, ಸ್ವಿಚ್ ಮುಟ್ಟದೆ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಪತ್ರಿಕೆಗೆ ಬಣ್ಣ ಹತ್ತಿದ್ದರೆ ಸೋರಿಕೆ ಟ್ಯಾಂಕಿನಲ್ಲೋ ಮೋಟರಿನ ಬುಷ್‌ನಲ್ಲೋ ಇರುವ ಸಂಭವ ಹೆಚ್ಚು. ಪತ್ರಿಕೆ ಒಣಗಿಯೇ ಇದ್ದು, ಇನ್ನೊಬ್ಬರು ಒಳಗೆ ಕೂತು ಸ್ವಿಚ್ ಎಳೆದಾಗ ಮಾತ್ರ ನೀರು ಬಿದ್ದರೆ ಮೋಟರಿನ ಆಚೆಗಿನ ಪೈಪು, ಕವಲು, ನೋಜಲ್‌ಗಳನ್ನು ನೋಡಬೇಕು. ಎಲ್ಲಿಯೂ ನೀರು ಬೀಳದೆ, ಸ್ವಿಚ್ ಎಳೆದ ಮೇಲೆ ಗಾಜಿಗೆ ನೀರು ಬರಲು ಮಾತ್ರ ತಡವಾಗುತ್ತಿದ್ದರೆ ಅದು ಸೋರಿಕೆಯಲ್ಲ. ಪೈಪಿನಲ್ಲಿ ನೀರು ಹಿಂದಿಳಿಯದಂತೆ ತಡೆಯುವ ವಾಲ್ವ್ ಸೋತಿದೆ ಎಂದರ್ಥ.

ನೀರಿನ ಮಟ್ಟವೂ ಸಾಕ್ಷಿ ಹೇಳುತ್ತದೆ. ಪೂರ್ತಿ ಖಾಲಿಯಾಗುತ್ತಿದ್ದರೆ ದೋಷ ತಳದಲ್ಲಿದೆ, ಅಲ್ಲಿ ಮೊದಲ ಸಂಶಯ ಮೋಟರಿನ ಬುಷ್ ಮೇಲೆಯೇ ಬರಬೇಕು. ಒಂದು ಮಟ್ಟದವರೆಗೆ ಇಳಿದು ನಿಂತುಬಿಡುತ್ತಿದ್ದರೆ ಬಿರುಕು ಆ ಮಟ್ಟದಲ್ಲಿದೆ. ತುಂಬಿಸಿದ ಕೂಡಲೇ ಒಂದಿಷ್ಟು ಬಿದ್ದು ಆಮೇಲೆ ನಿಂತರೆ ಕೊಳವೆ ಟ್ಯಾಂಕಿಗೆ ಕೂಡುವಲ್ಲಿಯ ರಬ್ಬರ್ ಉಂಗುರ ಸಡಿಲಾಗಿದೆ. ಹನಿ ಬಿದ್ದ ಜಾಗವನ್ನೇ ಸೋರುವ ಜಾಗವೆಂದು ನಂಬಬಾರದು. ಬಂಪರಿನ ಒಳಗಿನ ಅಂಚು ಹಿಡಿದು ಹರಿದ ನೀರು ದೂರ ಹೋಗಿ ಬೀಳುತ್ತದೆ. ಬಣ್ಣದ ಜಾಡು ಹಿಡಿದು ಮೇಲಕ್ಕೆ ಹೋದರೆ ಎಲ್ಲಕ್ಕಿಂತ ಎತ್ತರದಲ್ಲಿ ಒದ್ದೆಯಾಗಿರುವ ಜಾಗವೇ ಮೂಲ. ಇದನ್ನು ನೋಡಲು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಚಕ್ರದ ಲೈನರಿನ ಕ್ಲಿಪ್ ಬಿಚ್ಚಿದರೆ ಅನೇಕ ಕಾರುಗಳಲ್ಲಿ ಸಾಕಾಗುತ್ತದೆ. ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಯಾರೂ ತಲೆ ಹಾಕಬಾರದು.

ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಟ್ಯಾಂಕ್ ಒಡೆಯುತ್ತದೆ. ಯಾದಗಿರಿಯಲ್ಲಿ ಆ ಭಯವಿಲ್ಲ. ಇಲ್ಲಿಯ ಶತ್ರುಗಳೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಆ ಕಾವಿಗೆ ರಬ್ಬರ್ ಬುಷ್ ಮೆದುತನ ಕಳೆದುಕೊಂಡು ಮೋಟರನ್ನು ಬಿಗಿಯಾಗಿ ಅಪ್ಪುವುದನ್ನು ಬಿಡುತ್ತದೆ, ಪೈಪಿನ ತುದಿಗಳು ಗಡುಸಾಗಿ ಸೀಳುತ್ತವೆ. ಖಡಿ ಕಿತ್ತ ರಸ್ತೆಯಲ್ಲಿ ಚಕ್ರ ಸಿಡಿಸಿದ ಕಲ್ಲು ಲೈನರ್ ಹರಿದು ಟ್ಯಾಂಕಿಗೆ ಬಡಿಯುತ್ತದೆ, ಕುಲುಕಾಟಕ್ಕೆ ಬೋಲ್ಟ್ ಕೂರುವ ಕಿವಿಯ ಬುಡದಲ್ಲಿ ಬಿರುಕು ಬಿಡುತ್ತದೆ. ಕಾಳಿನ ಚೀಲವಿಟ್ಟ ಮನೆಯ ಪಕ್ಕದಲ್ಲಿ ನಿಲ್ಲುವ ಗಾಡಿಯ ಪೈಪನ್ನು ಇಲಿ ಕಡಿಯುತ್ತದೆ. ಇವೆಲ್ಲಕ್ಕಿಂತ ಸದ್ದಿಲ್ಲದ ಶತ್ರು ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣದಂಶ ನೋಜಲಿನ ಸೂಜಿಗಣ್ಣಿನಷ್ಟು ತೂತಿನಲ್ಲಿ ಒಣಗಿ ಕಲ್ಲಾಗುತ್ತದೆ. ಬಾಯಿ ಕಟ್ಟಿದ ನೋಜಲಿಗೆ ಮೋಟರ್ ನೀರು ತಳ್ಳಿದಾಗ ಒತ್ತಡವೆಲ್ಲ ಹಿಂದಕ್ಕೆ ಬಂದು ಸಡಿಲಿದ್ದ ಜೋಡಣೆ ಕಳಚಿಕೊಳ್ಳುತ್ತದೆ. ಸೋರುವುದು ಕೆಳಗೆ, ಕಾರಣ ಮೇಲೆ. ಪೈಪು ಸಿಕ್ಕಿಸಿ ನೋಜಲ್ ಶುಚಿ ಮಾಡದೆ ಬಿಟ್ಟರೆ ಅದೇ ಸೋರಿಕೆ ಮತ್ತೆ ಬರುವುದು ಇದಕ್ಕೇ.

ಕಾರಣ ತಿಳಿದ ಮೇಲೆ ಕೆಲಸ ಚಿಕ್ಕದು. ಬುಷ್ ಸೋತಿದ್ದರೆ ಮೋಟರನ್ನು ಮೆಲ್ಲಗೆ ಎಳೆದು, ತೂತಿನ ಅಂಚಿನ ಕೆಸರು ಒರೆಸಿ, ಹೊಸ ಬುಷ್‌ಗೆ ನೀರು ಸವರಿ ಕೂರಿಸಿದರೆ ಮುಗಿಯಿತು. ಟ್ಯಾಂಕಿನ ಬೆಲೆಯ ಮುಂದೆ ಬುಷ್‌ನ ಬೆಲೆ ಲೆಕ್ಕಕ್ಕಿಲ್ಲ. ಬುಷ್ ಹೊಸದಾದರೂ ಮೋಟರಿನ ಮೈಯಿಂದಲೇ ನೀರು ಜಿನುಗುತ್ತಿದ್ದರೆ ಮೋಟರ್ ಬದಲಿಸಬೇಕು. ಸೀಳಿದ ಪೈಪಿನ ತುದಿಯನ್ನು ಕತ್ತರಿಸಿ ಮತ್ತೆ ಸಿಕ್ಕಿಸಬಹುದು, ನಡುವೆ ತೂತಾಗಿದ್ದರೆ ಅದೇ ಅಳತೆಯ ಜಾಯಿಂಟ್ ಹಾಕಬಹುದು. ಟ್ಯಾಂಕೇ ಬಿರುಕು ಬಿಟ್ಟಿದ್ದರೆ ಮಾತ್ರ ನಮ್ಮಲ್ಲಿ ಎಲ್ಲರ ಕೈ ಹೋಗುವುದು ಎಂ-ಸೀಲ್, ಫೆವಿಕ್ವಿಕ್ ಕಡೆಗೆ. ಅವು ಕೆಟ್ಟ ವಸ್ತುಗಳೆಂದಲ್ಲ, ಈ ಪ್ಲಾಸ್ಟಿಕ್ಕಿಗೆ ಹೊಂದುವುದಿಲ್ಲ. ಟ್ಯಾಂಕುಗಳು ಸಾಮಾನ್ಯವಾಗಿ ಪಾಲಿಎಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್‌ನವು. ಈ ಎರಡರ ಮೈಗೆ ಅಂಟು ಹಿಡಿಯುವುದಿಲ್ಲ, ಒಣಗಿದ ಮೇಲೆ ಹೆಕ್ಕಳಿಕೆಯಾಗಿ ಎದ್ದುಬರುತ್ತದೆ. ಇದು ನಮ್ಮ ಮನೆಯ ಪ್ಲಾಸ್ಟಿಕ್ ಕೊಡದ ಜಾತಿಯ ವಸ್ತುವೇ. ಸೀಳಿದ ಕೊಡವನ್ನು ಕಾದ ಕಬ್ಬಿಣದಿಂದ ಕರಗಿಸಿ ಬೆಸೆಯುವ ವಿದ್ಯೆ ಇಲ್ಲಿಗೂ ಸಲ್ಲುತ್ತದೆ. ಟ್ಯಾಂಕ್ ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಆಮೇಲೆ ಸಾಲ್ಡರಿಂಗ್ ಕಬ್ಬಿಣದಿಂದ ಅಂಚುಗಳನ್ನೂ ಆ ತೂತುಗಳನ್ನೂ ಕರಗಿಸಿ, ಅದೇ ಜಾತಿಯ ಪ್ಲಾಸ್ಟಿಕ್ಕಿನ ಎಳೆ ತುಂಬಿ ಬೆಸೆಯಬೇಕು. ಪಾಲಿಎಥಿಲೀನ್‌ಗೆ ಪಾಲಿಪ್ರೊಪಿಲೀನ್ ಕೂಡದು. ಯಾವುದೆಂದು ಟ್ಯಾಂಕಿನ ಮೈಮೇಲೆ ಅಚ್ಚೊತ್ತಿರುತ್ತದೆ. ಹೊಗೆ ಬರುವ ಕೆಲಸವಾದ್ದರಿಂದ ಬಯಲಲ್ಲಿ ಮಾಡಬೇಕು.

ಗಾಡಿಯಲ್ಲೊಂದು ಬಾಟಲಿ ನೀರು, ಒಂದು ಬಟ್ಟೆ ಇದ್ದರೆ ಸಾಲದೇ, ಇದೇನು ಎಂಜಿನ್ ಭಾಗವೇ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಬಾಟಲಿಯ ನೀರು ಕೆಲಸಕ್ಕೆ ಬರುವುದು ಗಾಡಿ ನಿಂತಾಗ. ಲಾರಿಯೊಂದು ಕೆಸರು ಸಿಡಿಸಿ ಮುಂದೆ ಹೋದಾಗ ಗಾಜು ತೊಳೆಯಬೇಕಾದದ್ದು ಓಡುವಾಗಲೇ. ಇನ್ನು ಸೋರುವ ನೀರು ನೆಲಕ್ಕಷ್ಟೇ ಹೋಗುವುದಿಲ್ಲ. ಮೋಟರಿನ ವೈರಿನ ಸಾಕೆಟ್ ತುಕ್ಕು ಹಿಡಿಯುತ್ತದೆ. ವೈಪರಿಗೂ ವಾಷರ್ ಮೋಟರಿಗೂ ಒಂದೇ ಫ್ಯೂಜ್ ಇರುವ ಗಾಡಿಗಳಲ್ಲಿ ಅಲ್ಲಿ ಶಾರ್ಟ್ ಆದರೆ ಮಳೆಯ ನಡುವೆ ವೈಪರೇ ನಿಂತುಹೋದೀತು. ಖಾಲಿ ಟ್ಯಾಂಕ್ ಎಂದು ತಿಳಿಯದೆ ಸ್ವಿಚ್ ಎಳೆಯುತ್ತಲೇ ಇದ್ದರೆ ನೀರಿನಿಂದಲೇ ತಣಿಯಬೇಕಾದ ಮೋಟರ್ ಒಣಗಿ ತಿರುಗಿ ಸುಡುತ್ತದೆ. ಹಿಂಬಾಗಿಲ ಪೈಪು ಒಳಗೇ ಸೀಳಿದರೆ ಕಾರ್ಪೆಟ್ ನೆನೆದು ಮುಗ್ಗಲು ವಾಸನೆ ಹಿಡಿಯುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಬೇಸಿಗೆಯಲ್ಲಿ ಕೊಡ ನೀರಿಗೆ ಸರದಿ ನಿಲ್ಲುವ ಊರುಗಳಲ್ಲಿ ಕುಡಿಯುವ ನೀರನ್ನು ಕಾರಿಗೆ ಸುರಿಯುವುದು ಸರಿಯೇ? ಟ್ಯಾಂಕಿಗೆ ಹಿಡಿಯುವುದು ಕೆಲವೇ ಲೀಟರ್. ಸೋರದಿದ್ದರೆ ಅದು ವಾರಗಟ್ಟಲೆ ಬರುತ್ತದೆ. ನೀರಿನ ಕಾಳಜಿ ಇರುವವರು ಮೊದಲು ಮಾಡಬೇಕಾದದ್ದು ಸೋರಿಕೆ ನಿಲ್ಲಿಸುವುದನ್ನೇ. ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಬಟ್ಟೆಯಲ್ಲಿ ಸೋಸಿದರೆ ಈ ಕೆಲಸಕ್ಕೆ ಅದು ಒಳ್ಳೆಯದು. ಆದರೆ ಏನೂ ಬೆರೆಸದೆ ಯಾವ ನೀರನ್ನೂ ಹಾಕುವುದು ಕ್ಷೇಮವಲ್ಲ. ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುತ್ತದೆ. ವಾಷರಿಗೆ ಬರಿ ನೀರು ಹಾಕುವುದಕ್ಕೂ ಆ ರೋಗಕ್ಕೂ ನಂಟಿದೆ ಎಂದು ಬ್ರಿಟನ್ನಿನ ಆರೋಗ್ಯ ಸಂಶೋಧಕರು 2010ರಲ್ಲಿ ತೋರಿಸಿದರು. ಬಿಸಿಲಿನ ಅರಿಜೋನಾದ ಶಾಲಾ ಬಸ್ಸುಗಳ ವಾಷರ್ ದ್ರವದಲ್ಲೂ ಅದು ಪತ್ತೆಯಾಗಿದೆ. ಶಾಂಪೂ ಪೊಟ್ಟಣ ಹರಿದು ಹಾಕುವ ರೂಢಿಯೂ ಇದಕ್ಕೆ ಪರಿಹಾರವಲ್ಲ. ಅದು ನೊರೆಯಾಗಿ ಬಿಸಿಲಿಗೆ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. ವಾಷರಿಗೆಂದೇ ಸಿಗುವ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ ಅಳತೆಗೆ ಬೆರೆಸಬೇಕು.

ಹಾಗಾದರೆ ಟ್ಯಾಂಕ್ ಬದಲಿಸುವ ಮಾತೇ ಇಲ್ಲವೇ? ಇದೆ. ಅಪಘಾತದಲ್ಲಿ ಚೂರಾಗಿದ್ದರೆ, ಬೋಲ್ಟಿನ ಕಿವಿ ಮುರಿದಿದ್ದರೆ, ಬೆಸೆದ ಜಾಗ ಎರಡನೇ ಸಲ ಬಾಯಿ ಬಿಟ್ಟಿದ್ದರೆ ಹೊಸದೇ ಲಾಭ. ಮೆಕ್ಯಾನಿಕ್ಕಿಗೆ ಹುಡುಕುವ ಹೊತ್ತಿಗಿಂತ ಬದಲಿಸುವ ಹೊತ್ತು ಅಗ್ಗ ಎಂಬ ವಾದದಲ್ಲೂ ಸ್ವಲ್ಪ ಹುರುಳಿದೆ. ಆದರೆ ಹುಡುಕುವ ಕೆಲಸಕ್ಕೆ ಬೇಕಾದದ್ದು ಪತ್ರಿಕೆ, ಬಣ್ಣ, ಒಂದು ರಾತ್ರಿ. ಅದನ್ನು ಮಾಲೀಕರೇ ಮಾಡಬಹುದು. ಹೊಸ ಟ್ಯಾಂಕಿಗೆ ಹಳೆಯ ಬುಷ್ ತುರುಕಿ, ನೋಜಲ್ ಕಟ್ಟಿದ್ದನ್ನು ಹಾಗೇ ಬಿಟ್ಟು ಬಿಲ್ ಕೊಟ್ಟರೆ ಹಣ ಹೋಗುತ್ತದೆ, ಸೋರಿಕೆ ಉಳಿಯುತ್ತದೆ. ಆದ್ದರಿಂದ ಗ್ಯಾರೇಜಿಗೆ ಹೋದಾಗ ಟ್ಯಾಂಕ್ ಬದಲಿಸಿ ಎನ್ನಬೇಡಿ. ಯಾವ ಜಾಗದಲ್ಲಿ ಸೋರುತ್ತಿದೆ, ಏಕೆ ಎಂದು ಕೇಳಿ. ಎರಡಕ್ಕೂ ಉತ್ತರ ಸಿಗುವ ತನಕ ಹೊಸ ಟ್ಯಾಂಕಿಗೆ ಹಣ ಬಿಚ್ಚಬೇಡಿ, ನೀರಿಲ್ಲದ ವೈಪರನ್ನು ಗಾಜಿನ ಮೇಲೆ ಆಡಿಸಬೇಡಿ.