ಕೂಪನ್ ಅಗ್ಗ, ರೈಲು ಪ್ರಯಾಣ ದುಬಾರಿ!

ಹಬ್ಬ ಹತ್ತಿರ ಬಂತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ಮನೆಗಳಲ್ಲಿ ಒಂದೇ ಮಾತು: ಊರಿಗೆ ಟಿಕೆಟ್ ಸಿಕ್ತಾ? ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರು ಕಡೆಯ ಗಾಡಿಗಳು ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಭರ್ತಿ. ಖಾಸಗಿ ಬಸ್ಸಿನ ದರ ಕೇಳಿದರೆ ತಲೆ ಗಿರ್ರೆನ್ನುತ್ತದೆ. ಇಂಥ ಸಮಯ ಕಾದಿದ್ದು, ಗಾಳಿ ಬಂದಾಗ ತೂರಿಕೊಳ್ಳುವವರು ಮೊಬೈಲಿನಲ್ಲೇ ಅಂಗಡಿ ತೆರೆಯುತ್ತಾರೆ. ‘ರೈಲು ಡಿಸ್ಕೌಂಟ್ ಕೂಪನ್ ಇದೆ, ಅರ್ಧ ಬೆಲೆಗೆ ಕೊಡ್ತೀನಿ’ ಎಂಬ ಸಂದೇಶ ಬಂದೇ ಬರುತ್ತದೆ.

ಹಿಂದೆ ಬ್ಲ್ಯಾಕ್ ಟಿಕೆಟಿನವನನ್ನು ಹುಡುಕಿಕೊಂಡು ಮೆಜೆಸ್ಟಿಕ್ಕಿನವರೆಗೆ ಹೋಗಬೇಕಿತ್ತು. ಈಗ ಅವನೇ ನಮ್ಮ ಜೇಬಿನೊಳಗೆ ಬಂದು ಕೂತಿದ್ದಾನೆ!

ಮಾಲು ಮೂರು ಬಗೆ

ಕೂಪನ್ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಮಾಲು ಕೈ ಬದಲಾಗುತ್ತಿದೆ. ಮೊದಲನೆಯದು ಗಿಫ್ಟ್ ಕಾರ್ಡ್. ಅಂದರೆ ಮೊದಲೇ ಹಣ ತುಂಬಿದ ಒಂದು ನಂಬರು, ಒಂದು ಗುಟ್ಟಿನ ಅಂಕಿ. ಅದನ್ನು ಮಾರಿದವನ ಬಳಿಯೂ ಅದೇ ನಂಬರು ಉಳಿದಿರುತ್ತದೆ. ಒಂದೇ ಎಮ್ಮೆಯನ್ನು ಹತ್ತು ಜನಕ್ಕೆ ಮಾರಿದ ಹಾಗೆ, ಅದೇ ನಂಬರನ್ನು ಹತ್ತು ಜನಕ್ಕೆ ಕೊಟ್ಟರೂ ಕೇಳುವವರಿಲ್ಲ. ಯಾರು ಮೊದಲು ಒತ್ತುತ್ತಾರೋ ಅವರಿಗೆ ದುಡ್ಡು. ಉಳಿದ ಒಂಬತ್ತು ಜನಕ್ಕೆ ಬರೀ ನಂಬರು.

ಎರಡನೆಯದು ರಿಯಾಯಿತಿ ಕೋಡ್. ಟಿಕೆಟ್ ಬುಕ್ ಮಾಡಿಕೊಡುವ ಕಂಪನಿಗಳು ಗಿರಾಕಿಗಳನ್ನು ಸೆಳೆಯಲು ಕೊಡುವಂಥದ್ದು. ಸಾಮಾನ್ಯವಾಗಿ ಒಬ್ಬರ ಮೊಬೈಲ್ ನಂಬರಿಗೋ ಒಂದು ಬ್ಯಾಂಕಿನ ಕಾರ್ಡಿಗೋ ಗಂಟು ಹಾಕಿರುತ್ತಾರೆ. ಕೊಂಡವರ ಕೈಯಲ್ಲಿ ಅದು ಚಲಾವಣೆಯಾಗದ ನಾಣ್ಯ.

ಮೂರನೆಯದೇ ಅಪಾಯದ್ದು. ಕೂಪನ್ ನೆಪ ಮಾತ್ರ. ‘ನಿಮ್ಮ ಹೆಸರು, ವಯಸ್ಸು ಕಳಿಸಿ, ನಾನೇ ಟಿಕೆಟ್ ಮಾಡಿ ಕೊಡ್ತೀನಿ’ ಎಂದು ಅವನು ತನ್ನ ಐ.ಡಿ.ಯಿಂದಲೋ, ಇನ್ನಾರದೋ ಐ.ಡಿ.ಯಿಂದಲೋ ಬುಕ್ ಮಾಡುತ್ತಾನೆ. ಇಲ್ಲವೇ ಬೇರೆಯವರ ಹೆಸರಿನ ಟಿಕೆಟನ್ನೇ ದಾಟಿಸುತ್ತಾನೆ.

ಒಂದು ಮಾತು ನೆನಪಿರಲಿ. ಖಾಸಗಿ ಕಂಪನಿಯ ಕೂಪನ್ ತೋರಿಸಿದರೆ ರೈಲ್ವೆ ತನ್ನ ದರ ಇಳಿಸುವುದಿಲ್ಲ. ರೈಲ್ವೆಗೆ ಪೂರ್ತಿ ದರ ಹೋಗಲೇಬೇಕು, ರಿಯಾಯಿತಿ ಆ ಕಂಪನಿಯ ಜೇಬಿನದು. ರೈಲ್ವೆ ತಾನೇ ರಿಯಾಯಿತಿ ಕೊಟ್ಟಾಗ ಅದು ಪ್ರಯಾಣಿಕನ ಹೆಸರಿಗೇ ಕೊಟ್ಟದ್ದು. 2025ರ ಹಬ್ಬದ ಸಮಯದಲ್ಲಿ ಹೋಗಿ ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದವರಿಗೆ ವಾಪಸು ಪ್ರಯಾಣದ ಮೂಲ ದರದಲ್ಲಿ ಶೇಕಡ 20 ಸೋಡಿ ಸಿಕ್ಕಿತು. ಆದರೆ ಎರಡೂ ಕಡೆ ಅದೇ ಹೆಸರು ಇರಬೇಕಿತ್ತು, ರದ್ದು ಮಾಡಿದರೆ ಹಣ ವಾಪಸಿಲ್ಲ. ಹಿರಿಯರಿಗಿದ್ದ ರಿಯಾಯಿತಿಯೂ, ಅಂದರೆ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50, ವಯಸ್ಸಿನ ಮೇಲೆ ಸಿಗುತ್ತಿತ್ತೇ ಹೊರತು ಕೂಪನ್ ಮೇಲಲ್ಲ. 2020ರ ಮಾರ್ಚ್ 20ರಂದು ಅದೂ ನಿಂತುಹೋಯಿತು. ‘ಸೀನಿಯರ್ ಸಿಟಿಜನ್ ಕೂಪನ್’ ಎಂದು ಯಾರಾದರೂ ಮಾರಲು ಬಂದರೆ ದೂರದಿಂದಲೇ ಕೈ ಮುಗಿಯಿರಿ.

ಬೆಂಗಳೂರಿನ ನಂಟು

ಇದೇನು ಚಿಲ್ಲರೆ ವ್ಯವಹಾರ ಎಂದು ಮೂಗು ಮುರಿಯಬೇಡಿ. 2020ರ ಜನವರಿಯಲ್ಲಿ ಭುವನೇಶ್ವರದಲ್ಲಿ ರೈಲ್ವೆ ರಕ್ಷಣಾ ದಳದ ಬಲೆಗೆ ಒಬ್ಬ ಆಸಾಮಿ ಬಿದ್ದ. ಅವನ ಬಳಿ ಟಿಕೆಟ್ ಬುಕ್ ಮಾಡುವ 563 ವೈಯಕ್ತಿಕ ಐ.ಡಿ.ಗಳು ಸಿಕ್ಕವು ಎಂದು ದಳ ಪ್ರಕಟಿಸಿತು. ಅವನು ಈ ದಂಧೆಗೆ ಇಳಿದದ್ದು ಎಲ್ಲಿ ಅಂತೀರಿ? ನಮ್ಮ ಬೆಂಗಳೂರಿನಲ್ಲೇ. 2015ರ ಸುಮಾರಿಗೆ ಇಲ್ಲಿ ಕೌಂಟರ್ ಟಿಕೆಟ್ ಕೊಂಡು ಮಾರುತ್ತಿದ್ದವನು, ಆಮೇಲೆ ಕಂಪ್ಯೂಟರಿನ ಕಳ್ಳ ದಾರಿ ಹಿಡಿದನೆಂಬುದು ದಳದ ಹೇಳಿಕೆ.

ಇಂಥ ಕಳ್ಳ ಸಾಫ್ಟ್‌ವೇರು ಕಣ್ಣು ಮಿಟುಕಿಸುವಷ್ಟರಲ್ಲಿ ಫಾರಂ ತುಂಬುತ್ತದೆ. ನಾವು ಹೆಸರು ಟೈಪ್ ಮಾಡುವ ಹೊತ್ತಿಗೆ ಸೀಟು ಖಾಲಿ. 2.5 ಕೋಟಿಗೂ ಹೆಚ್ಚು ಅನುಮಾನದ ಐ.ಡಿ.ಗಳನ್ನು ಬಂದ್ ಮಾಡಿದ್ದೇವೆ ಎಂದು 2025ರ ಜೂನ್‌ನಲ್ಲಿ ರೈಲ್ವೆಯೇ ಹೇಳಿತು. ಅದೇ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟಿಗೆ ಆಧಾರ್ ಕಡ್ಡಾಯವಾಯಿತು. ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ, ಅಂದರೆ ಎ.ಸಿ.ಗೆ 10ರಿಂದ 10.30, ಉಳಿದದ್ದಕ್ಕೆ 11ರಿಂದ 11.30, ಅಧಿಕೃತ ಏಜೆಂಟರಿಗೂ ಬಾಗಿಲು ಮುಚ್ಚಿತು. ಹಾಗಿದ್ದಮೇಲೆ ‘ಹತ್ತು ಗಂಟೆಗೇ ಗ್ಯಾರಂಟಿ ತತ್ಕಾಲ್’ ಎನ್ನುವವನು ಯಾರ ಐ.ಡಿ. ಹಿಡಿದು ಆಟವಾಡುತ್ತಿದ್ದಾನೆ? ನೀವೇ ಯೋಚಿಸಿ.

ಅಂಗಡಿಯವರೇ, ಗಮನಿಸಿ

ಝೆರಾಕ್ಸ್ ಅಂಗಡಿ, ಮೊಬೈಲ್ ರೀಚಾರ್ಜ್ ಅಂಗಡಿಗಳಿಗೆ ಗಿರಾಕಿ ಬಂದು, ‘ಅಣ್ಣಾ, ನಿಮ್ಮ ಮೊಬೈಲಲ್ಲೇ ಎರಡು ಟಿಕೆಟ್ ಮಾಡ್ಕೊಡಿ, ಮೇಲೆ ಐವತ್ತು ಕೊಡ್ತೀನಿ’ ಎನ್ನುವುದುಂಟು. ಪಾಪ, ಉಪಕಾರವೂ ಆಯ್ತು, ಕಾಫಿ ಖರ್ಚೂ ಬಂತು ಎಂದು ಅಂಗಡಿಯವರು ಒಪ್ಪುವುದೂ ಉಂಟು. ಇಲ್ಲೇ ಇರುವುದು ಕುಣಿಕೆ.

1989ರ ರೈಲ್ವೆ ಕಾನೂನಿನ 143ನೇ ಕಲಮಿನ ಪ್ರಕಾರ, ಅಧಿಕೃತರಲ್ಲದವರು ಟಿಕೆಟ್ ಒದಗಿಸುವ ವ್ಯಾಪಾರ ನಡೆಸಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಆ ಕಾನೂನು ಬಂದಾಗ ಇಂಟರ್‌ನೆಟ್ ಟಿಕೆಟ್ಟೇ ಇರಲಿಲ್ಲವಲ್ಲ’ ಎಂಬ ವಾದವೂ ನಡೆಯಿತು. ಕೇರಳದ ಒಂದು ಪ್ರಕರಣದಲ್ಲಿ ಹೈಕೋರ್ಟ್ ಅದನ್ನು ಒಪ್ಪಿತ್ತು. ಆದರೆ 2025ರ ಜನವರಿ 9ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ದೀಪಾಂಕರ್ ದತ್ತಾ ಮತ್ತು ಪ್ರಶಾಂತ್ ಕುಮಾರ್ ಮಿಶ್ರಾ ಅವರು ಆ ವಾದವನ್ನು ತಳ್ಳಿಹಾಕಿದರು. ಕೌಂಟರ್ ಟಿಕೆಟ್ಟೇ ಆಗಲಿ, ಆನ್‌ಲೈನ್ ಟಿಕೆಟ್ಟೇ ಆಗಲಿ, ಈ ಕಲಮು ಎರಡಕ್ಕೂ ಅನ್ವಯ ಎಂದರು.

ಸ್ವಂತ ಐ.ಡಿ. ಇರುವುದು ಸ್ವಂತ ಬಳಕೆಗೆ. ಆಧಾರ್ ಜೋಡಿಸಿದ್ದರೆ ತಿಂಗಳಿಗೆ 24, ಇಲ್ಲದಿದ್ದರೆ 12 ಟಿಕೆಟ್ ಎಂಬ ಮಿತಿ 2022ರಲ್ಲಿ ಬಂತು. ಅಷ್ಟು ಟಿಕೆಟ್ ಮಾಡಬಹುದು ಎಂದರೆ ಅಷ್ಟನ್ನು ಮಾರಬಹುದು ಎಂದರ್ಥವಲ್ಲ! ವ್ಯಾಪಾರವೇ ಮಾಡಬೇಕೆಂದಿದ್ದರೆ ಅಧಿಕೃತ ಏಜೆಂಟಾಗಿ ಹೆಸರು ನೋಂದಾಯಿಸಿಕೊಂಡು, ಗೊತ್ತುಮಾಡಿದ ಸೇವಾ ಶುಲ್ಕವನ್ನಷ್ಟೇ ತೆಗೆದುಕೊಳ್ಳುವುದು ನೇರ ದಾರಿ.

ಕೊಂಡವರ ಪಾಡು

ಮಾರಿದವನು ಸಿಕ್ಕಿಬಿದ್ದರೆ ಅವನಿಗೆ ಜೈಲು, ಸರಿ. ಕೊಂಡವರ ಗತಿ? ಬೇರೆಯವರ ಹೆಸರಿನ ಟಿಕೆಟ್ ಹಿಡಿದು ಹತ್ತಿದರೆ ಟಿಕೆಟ್ ಇಲ್ಲದೆ ಹತ್ತಿದವರ ಸಾಲಿಗೇ ಸೇರುತ್ತೀರಿ. ನಿಮ್ಮದೇ ಹೆಸರಿದ್ದರೂ ದಳದವರು ಆ ಐ.ಡಿ. ಹಿಡಿದು ಟಿಕೆಟ್ ತಡೆದರೆ ಬರ್ತು ಕೈಬಿಟ್ಟಂತೆ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಆನ್‌ಲೈನ್ ಟಿಕೆಟ್ ರದ್ದಾದರೆ ಹಣ ಹೋಗುವುದು ಎಲ್ಲಿಂದ ಕಟ್ಟಿತ್ತೋ ಅಲ್ಲಿಗೆ. ಅಂದರೆ ಗಾಡಿ ರದ್ದಾದರೆ ನಿಮ್ಮ ದುಡ್ಡು ಮಾರಿದವನ ಖಾತೆಗೆ! ಅವನು ಫೋನ್ ಎತ್ತಿದರೆ ನಿಮ್ಮ ಪುಣ್ಯ.

ಹೋಗಲಾಗದ ಟಿಕೆಟನ್ನು ಮನೆಯವರಿಗೆ ಕೊಡಲು ರೈಲ್ವೆಯಲ್ಲೇ ದಾರಿಯಿದೆ. ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ಗಂಡ, ಹೆಂಡತಿ, ಇಷ್ಟು ಜನರಿಗೆ ಖಾತ್ರಿಯಾದ ಟಿಕೆಟನ್ನು ವರ್ಗಾಯಿಸಬಹುದು. ಗಾಡಿ ಹೊರಡುವ 24 ಗಂಟೆ ಮುಂಚೆ ರಿಸರ್ವೇಷನ್ ಕಚೇರಿಗೆ ಅರ್ಜಿ ಕೊಡಬೇಕು, ಸಂಬಂಧದ ದಾಖಲೆ ತೋರಿಸಬೇಕು. ಒಂದು ಸಲ ಮಾತ್ರ ಅವಕಾಶ. ಪಕ್ಕದ ಮನೆಯವರಿಗೆ, ಮೊಬೈಲಿನ ಅಪರಿಚಿತನಿಗೆ ಈ ಸವಲತ್ತಿಲ್ಲ.

ಟಿಕೆಟ್ ಬಗ್ಗೆ ಅನುಮಾನ ಬಂದರೆ ರೈಲ್ವೆಯ 139ಕ್ಕೆ ಫೋನ್ ಮಾಡಿ. ಕೂಪನ್ ಹೆಸರಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ನಾಚಿಕೊಂಡು ಸುಮ್ಮನಿದ್ದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ.

ಹೀಗಾಗಿ ಕೂಪನ್ ಕೊಳ್ಳುವ ಮುಂಚೆ ಎಷ್ಟು ಸೋಡಿ ಎಂದು ಕೇಳಬೇಡಿ. ಐ.ಡಿ. ಯಾರದು, ಟಿಕೆಟಿನ ಮೇಲೆ ಹೆಸರು ಯಾರದು, ರದ್ದಾದರೆ ದುಡ್ಡು ಯಾರಿಗೆ ಎಂದು ಕೇಳಿ. ಈ ಮೂರಕ್ಕೂ ‘ನಿಮ್ಮದೇ ಸ್ವಾಮಿ’ ಎಂಬ ಉತ್ತರ ಬಾರದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ. ನೂರು ರೂಪಾಯಿ ಉಳಿಸಲು ಹೋಗಿ ನಡುರಾತ್ರಿ ಅರಸೀಕೆರೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇಳಿಯುವ ಪ್ರಯಾಣ ಯಾರಿಗೂ ಬೇಡ.